ಹೊಲದಲ್ಲಿ ಸಿಕ್ಕ ಸವೆದ ಹಿತ್ತಾಳೆ ಬಿಲ್ಲೆ ಯಾವುದಿರಬಹುದು?

ಪ್ರಶ್ನೆ

ತಿಳಿದವರಲ್ಲಿ ಒಂದು ವಿನಂತಿ. ಮಾಲೀಕರ ಅನುಮತಿ ಪಡೆದು ಉತ್ತ ಹೊಲವೊಂದರಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುತ್ತಿದ್ದಾಗ, ಗೇಣುದ್ದ ಆಳದಲ್ಲಿ ನನಗೆ ತೆಳುವಾದ ದುಂಡನೆಯ ಬಿಲ್ಲೆಯೊಂದು ಸಿಕ್ಕಿತು. ಮಣ್ಣಿನ ನಡುವೆ ಹಳದಿ ಹೊಳಪು ಕಂಡಾಗ ಚಿನ್ನವೆಂದೇ ಭಾವಿಸಿದ್ದೆ. ಆದರೆ ಅಂಚಿನಲ್ಲಿ ಕಿಲುಬು ಹಿಡಿದಿದೆ, ಅಡ್ಡಳತೆ 24 ಮಿಲಿಮೀಟರ್ ಇದ್ದರೂ ತೂಕ 1.4 ಗ್ರಾಂ ಮಾತ್ರ. ಹಾಗಾಗಿ ಇದು ಹಿತ್ತಾಳೆಯೇ ಇರಬೇಕು. ಒಂದು ಬದಿಯ ನಡುವೆ ಸಣ್ಣ ಹೂವಿನಂಥ ಗುರುತು, ಅದರ ಸುತ್ತ ಆರು ಉಬ್ಬುಗಳು ಕಾಣುತ್ತವೆ. ಅವುಗಳಲ್ಲಿ ಒಂದು ಮಾತ್ರ ಕಿರೀಟವೆಂದು ಸ್ಪಷ್ಟವಾಗಿ ತಿಳಿಯುತ್ತದೆ. ಅದೇ ಬದಿಯ ಅಂಚಿನ ಬರಹದಲ್ಲಿ ಇಂಗ್ಲಿಷ್ ಲಿಪಿಯ ಡಬ್ಲ್ಯೂ, ಐ, ಎನ್, ಸಿ ಎಂಬ ನಾಲ್ಕು ಅಕ್ಷರಗಳು ಉಳಿದಿವೆ. ಇನ್ನೊಂದು ಬದಿ ಬಹುತೇಕ ನುಣುಪಾಗಿದ್ದು, ಮೂರು ಕಮಾನುಗಳು ಕೂಡಿದಂಥ ಗೆರೆಯಷ್ಟೇ ಇದೆ. ರಾಜನ ಮುಖವಿಲ್ಲ, ಬೆಲೆಯಿಲ್ಲ, ಇಸವಿಯಿಲ್ಲ. ನಿಂಬೆರಸದಲ್ಲಿ ತೊಳೆದರೆ ಉಳಿದ ಅಕ್ಷರಗಳು ಕಾಣಬಹುದೇ?

ಉತ್ತರ 1

ದಯವಿಟ್ಟು ನಿಂಬೆರಸ ಹಾಕಬೇಡಿ, ತಂತಿ ಬ್ರಷ್ಷನ್ನೂ ಮುಟ್ಟಿಸಬೇಡಿ. ಇಷ್ಟು ಸವೆದ ಬಿಲ್ಲೆಯಲ್ಲಿ ಅಕ್ಷರದ ಎತ್ತರ ಕೂದಲೆಳೆಯಷ್ಟೇ ಉಳಿದಿರುತ್ತದೆ. ಹುಳಿಯು ಕಿಲುಬನ್ನು ತಿನ್ನುವಾಗ ಆ ಉಬ್ಬನ್ನೂ ಬಿಡುವುದಿಲ್ಲ. ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಸಡಿಲವಾದ ಮಣ್ಣನ್ನು ಮಾತ್ರ ತೆಗೆದು ಒಣಗಿಸಿದರೆ ಸಾಕು.

ಇದು ಇಂಗ್ಲೆಂಡಿನ ವರ್ತಕರ ಟೋಕನ್ ಇರಬಹುದೆಂದು ನನ್ನ ಊಹೆ. ಚಿಲ್ಲರೆಯ ಅಭಾವದಿಂದ ಅಲ್ಲಿನ ಅಂಗಡಿಕಾರರು 1648ರಿಂದ 1672ರವರೆಗೆ ತಮ್ಮ ಹೆಸರು, ಊರು ಮತ್ತು ಕಸುಬಿನ ಚಿಹ್ನೆಯಿದ್ದ ಟೋಕನ್‌ಗಳನ್ನು ತಾವೇ ಹೊರಡಿಸುತ್ತಿದ್ದರು.

ಉತ್ತರ 2

ತೊಳೆಯಬಾರದೆಂಬ ಮಾತು ನೂರಕ್ಕೆ ನೂರು ಸರಿ. ಆದರೆ ವರ್ತಕರ ಟೋಕನ್ ಎಂಬುದನ್ನು ಒಪ್ಪುವುದು ಕಷ್ಟ, ಏಕೆಂದರೆ ಆ ಟೋಕನ್‌ಗಳು ಸಾಮಾನ್ಯವಾಗಿ ಇದಕ್ಕಿಂತ ಚಿಕ್ಕವು. ಕಳೆದುಹೋದ ಅಕ್ಷರಗಳ ಬೆನ್ನು ಹತ್ತುವುದಕ್ಕಿಂತ ಉಳಿದಿರುವ ವಿನ್ಯಾಸವನ್ನು ನೋಡುವುದು ಒಳ್ಳೆಯದು. ನಡುವೆ ಗುಲಾಬಿ, ಅದರ ಸುತ್ತ ಒಂದು ಬಿಟ್ಟು ಒಂದರಂತೆ ಮೂರು ಕಿರೀಟ ಹಾಗೂ ಮೂರು ಲಿಲ್ಲಿ ಹೂವು. ಹಿಂಬದಿಯಲ್ಲಿ ಮೂರು ಕಮಾನುಗಳ ಚೌಕಟ್ಟಿನೊಳಗೆ ಶಿಲುಬೆ ಹೊತ್ತ ಗೋಳ. ಇದು ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ತಯಾರಾದ ಜೆಟನ್, ಅಂದರೆ ಲೆಕ್ಕದ ಬಿಲ್ಲೆ. ನಿಮಗೆ ಕಂಡ ನಾಲ್ಕು ಅಕ್ಷರಗಳು ಕ್ರೌವಿಂಕೆಲ್ ಎಂಬ ಹೆಸರಿನ ನಡುಭಾಗಕ್ಕೆ ಹೊಂದುತ್ತವೆ. ಎರಡನೆಯ ಹಾನ್ಸ್ ಕ್ರೌವಿಂಕೆಲ್ 1586ರಿಂದ 1635ರವರೆಗೆ ಅಲ್ಲಿ ಇಂಥ ಬಿಲ್ಲೆಗಳನ್ನು ಅಪಾರ ಸಂಖ್ಯೆಯಲ್ಲಿ ಟಂಕಿಸಿದವನು.

ಬೆಲೆಯನ್ನು ಬರೆಯದಿರುವುದಕ್ಕೆ ಕಾರಣವಿದೆ: ಇದು ಹಣವೇ ಅಲ್ಲ. ಗೆರೆ ಎಳೆದ ಮೇಜಿನ ಮೇಲೆ ಇಂಥ ಬಿಲ್ಲೆಗಳನ್ನಿಟ್ಟು ಲೆಕ್ಕ ಮಾಡುತ್ತಿದ್ದರು. ಕೆಳಗಿನ ಗೆರೆಗೆ ಒಂದರ ಬೆಲೆ, ಮುಂದಿನದಕ್ಕೆ ಹತ್ತು, ಅದರ ಮೇಲಿನದಕ್ಕೆ ನೂರು. ಗೆರೆಗಳ ನಡುವಿನ ಜಾಗಕ್ಕೆ ಐದು, ಐವತ್ತು ಎಂಬ ಬೆಲೆ. 67 ಎಂದು ತೋರಿಸಲು ಐವತ್ತರ ಜಾಗದಲ್ಲಿ ಒಂದು, ಹತ್ತರ ಗೆರೆಯ ಮೇಲೆ ಒಂದು, ಐದರ ಜಾಗದಲ್ಲಿ ಒಂದು, ಒಂದರ ಗೆರೆಯ ಮೇಲೆ ಎರಡು ಬಿಲ್ಲೆಗಳನ್ನು ಇಡುತ್ತಿದ್ದರು. ಬಿಲ್ಲೆಯ ಬೆಲೆ ಅದು ಕುಳಿತ ಜಾಗದಿಂದಲೇ ಬರುತ್ತಿತ್ತು. ಇಡೀ ದಿನ ಬೆರಳ ತುದಿಯಿಂದ ತಳ್ಳಿಸಿಕೊಂಡು ಮೇಜಿಗೆ ಉಜ್ಜಿದ ವಸ್ತು ನಿಮ್ಮ ಕೈಯಲ್ಲಿದೆ ಎಂದಾಗ, ಆ ಸವೆತವನ್ನು ದೋಷವೆಂದು ನೋಡಲು ನನಗೆ ಮನಸ್ಸಾಗುವುದಿಲ್ಲ.

ಖಚಿತಪಡಿಸಿಕೊಳ್ಳಲು ಕತ್ತಲೆ ಕೋಣೆಯಲ್ಲಿ ಬಿಲ್ಲೆಯನ್ನು ಮೇಜಿನ ಮೇಲಿಟ್ಟು, ಟಾರ್ಚನ್ನು ಮೇಜಿನ ಮಟ್ಟಕ್ಕೇ ಹಿಡಿದು ಓರೆಯಾಗಿ ಬೆಳಕು ಬಿಡಿ. ಬಿಲ್ಲೆಯನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಪ್ರತಿ ಬಾರಿಯೂ ಚಿತ್ರ ತೆಗೆಯಿರಿ.

ಪ್ರಶ್ನೆ ಕೇಳಿದವರು

ನೀವು ಹೇಳಿದಂತೆಯೇ ಮಾಡಿದೆ. ನುಣುಪೆಂದುಕೊಂಡಿದ್ದ ಬದಿಯಲ್ಲಿ, ಬೆಳಕು ಎಡದಿಂದ ಬಿದ್ದಾಗ, ಗೋಳದ ಅರ್ಧವೃತ್ತವೂ ಅದರ ಮೇಲೆ ಶಿಲುಬೆಯ ಒಂದು ತೋಳೂ ನೆರಳಾಗಿ ಎದ್ದು ಬಂದವು. ಅಂಚಿನಲ್ಲಿ ಎಸ್, ಇ, ಜಿ ಎಂಬ ಅಕ್ಷರಗಳನ್ನು ಓದಿದೆ. ಮುಂದಿನದು ಇ ಇರಬಹುದು. ಇದರಿಂದ ಏನಾದರೂ ತಿಳಿಯುತ್ತದೆಯೇ?

ಉತ್ತರ 2

ಖಂಡಿತವಾಗಿ ತಿಳಿಯುತ್ತದೆ. ‘ಗೋಟೆಸ್ ಝೇಗೆನ್ ಮಾಖ್ಟ್ ರೈಖ್’, ಅಂದರೆ ದೇವರ ಆಶೀರ್ವಾದ ಸಿರಿಯನ್ನು ತರುತ್ತದೆ ಎಂಬ ಜರ್ಮನ್ ಬರಹ ಕ್ರೌವಿಂಕೆಲನ ಬಿಲ್ಲೆಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ನಿಮ್ಮ ಅಕ್ಷರಗಳು ಅದರ ಎರಡನೆಯ ಪದದವು, ಝೇಗೆನ್ ಎಂಬುದನ್ನು ಜರ್ಮನ್‌ನಲ್ಲಿ ಎಸ್ ಅಕ್ಷರದಿಂದ ಬರೆಯುತ್ತಾರೆ. ಇನ್ನು ಅನುಮಾನಕ್ಕೆ ಎಡೆಯಿಲ್ಲ. ಇವು ದೂರದೂರಕ್ಕೆ ಹೋಗಿವೆ. ಅಮೆರಿಕದಲ್ಲಿ 1607ರಲ್ಲಿ ನೆಲೆಗೊಂಡ ಜೇಮ್ಸ್‌ಟೌನ್ ವಸಾಹತಿನ ಉತ್ಖನನದಲ್ಲಿಯೂ ಕ್ರೌವಿಂಕೆಲನ ಬಿಲ್ಲೆಗಳು ದೊರೆತಿವೆ. ಅಪರೂಪದ್ದಲ್ಲವಾದ್ದರಿಂದ ಮಾರಿದರೆ ದೊಡ್ಡ ಮೊತ್ತವೇನೂ ಬಾರದು. ಅದು ಸಿಕ್ಕ ಜಾಗ, ಆಳ ಮತ್ತು ದಿನಾಂಕವನ್ನು ಇಂದೇ ಬರೆದಿಡಿ, ಮತ್ತು ಅಲ್ಲಿನ ಕಾನೂನಿನಂತೆ ವರದಿ ಮಾಡಬೇಕಿದ್ದರೆ ತಡಮಾಡಬೇಡಿ. ಬಿಲ್ಲೆಯನ್ನು ತೇವ ತಾಗದ ಡಬ್ಬಿಯಲ್ಲಿಟ್ಟು ಆಗಾಗ ನೋಡುತ್ತಿರಿ. ತಿಳಿಹಸಿರು ಪುಡಿ ಉದುರತೊಡಗಿದರೆ ಲೋಹ ಒಳಗಿನಿಂದ ಕೊರೆಯುತ್ತಿದೆ ಎಂದರ್ಥ, ಆಗ ಅದನ್ನು ಸಂರಕ್ಷಣೆ ಬಲ್ಲವರ ಕೈಗೆ ಕೊಡಿ.