ಗಂಡ ಹೆಂಡತಿ ಇಬ್ಬರೂ ಒಂದೇ ಲ್ಯಾಬ್ ಸೇರಬಹುದಾ? (ಮೆದುಳಿನ ಕಾಯಿಲೆ ಸಂಶೋಧನೆ)

ಪ್ರಶ್ನೆ:
ನಾನು, ನನ್ನ ಹೆಂಡತಿ ಇಬ್ಬರದೂ ಪಿಎಚ್‌ಡಿ ಮುಗಿಯುತ್ತಾ ಬಂದಿದೆ. ನನ್ನದು ಪ್ರೋಟೀನ್ ಕೆಲಸ. ಅವಳು ಪಾರ್ಕಿನ್ಸನ್ ಬಂದು ತೀರಿಹೋದವರ ಮೆದುಳಿನ ಮೇಲೆ ಕೆಲಸ ಮಾಡುತ್ತಾಳೆ. ಒಂದೇ ಲ್ಯಾಬ್ ಸೇರುವ ಆಸೆ ಇದೆ. ಕೇಳಿದವರೆಲ್ಲ ಬೇಡ ಅಂತಾರೆ, ಮನೆಯಲ್ಲೂ ಅದೇ ಮಾತಾಗುತ್ತೆ, ಹೆಸರು ಮಾತ್ರ ಒಬ್ಬರಿಗೇ ಬರುತ್ತೆ ಅಂತಾರೆ. ಹೀಗೆ ಕೊನೆತನಕ ಜೊತೆಗೇ ದುಡಿದವರು ಯಾರಾದರೂ ಇದ್ದಾರಾ?

ಉತ್ತರ 1:
ಇದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವರ್ಜೀನಿಯಾ ಲೀ ಮತ್ತು ಜಾನ್ ಟ್ರೊಜಾನೊವ್ಸ್ಕಿ ದಂಪತಿ. ನಿಮ್ಮ ಪ್ರಶ್ನೆ ಓದಿದ ಕೂಡಲೇ ಅವರೇ ನೆನಪಾದರು, ಯಾಕಂದ್ರೆ ಅಲ್ಲೂ ಕೆಲಸ ಹೀಗೇ ಹಂಚಿಕೆಯಾಗಿತ್ತು, ಲೀ ಜೀವರಸಾಯನ ಓದಿದವರು, ಜಾನ್ ಮೆದುಳಿನ ಪೆಥಾಲಜಿಸ್ಟ್. ಮೆದುಳನ್ನು ಸೀಳಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗಂಟು ಕಾಣುತ್ತದೆ. ಆದರೆ ಆ ಗಂಟಿನೊಳಗೆ ಯಾವ ಪ್ರೋಟೀನ್ ಇದೆ ಅನ್ನುವುದು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ, ಅದನ್ನು ಬೇರ್ಪಡಿಸಿ ಗುರುತು ಹಿಡಿಯುವವರು ಬೇಕು. 1991ರಲ್ಲಿ ಆಲ್ಝೈಮರ್ ಗಂಟುಗಳು ಟೌ ಎಂಬ ಪ್ರೋಟೀನಿನಿಂದ ಆಗಿವೆ ಅಂತ ಇವರು ತೋರಿಸಿದರು. 1997ರಲ್ಲಿ ಕೇಂಬ್ರಿಜ್‌ನವರ ಜೊತೆ ಸೇರಿ ಪಾರ್ಕಿನ್ಸನ್‌ನ ಲೂಯಿ ಬಾಡಿಗಳಲ್ಲಿ (ಮೆದುಳಿನ ಕೋಶದೊಳಗಿನ ಗಂಟುಗಳು) ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಗುರುತು ಹಿಡಿದರು. 2006ರಲ್ಲಿ ಎಎಲ್‌ಎಸ್ (ನರಗಳು ಸೋತು ಸ್ನಾಯುಗಳ ಶಕ್ತಿ ಹೋಗುವ ಕಾಯಿಲೆ) ರೋಗಿಗಳಲ್ಲಿ ಟಿಡಿಪಿ-43 ಎಂಬ ಪ್ರೋಟೀನ್. ಇದರಲ್ಲಿ ಒಂದನ್ನೂ ಒಬ್ಬರೇ ಮಾಡಲು ಆಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಜಾನ್ 2022ರಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ಜೊತೆಗೇ ಇದ್ದರು.

ಉತ್ತರ 2:
ಹೆಸರಿನ ಭಯ ಸುಳ್ಳಲ್ಲ. ವಿಜ್ಞಾನಿಗಳಿಗೆ ಕೊಡುವ ಬ್ರೇಕ್‌ಥ್ರೂ ಪ್ರಶಸ್ತಿ, 30 ಲಕ್ಷ ಡಾಲರ್, 2020ರದ್ದು ಲೀ ಅವರಿಗೆ ಬಂತು. ಜಾನ್ ಹೆಸರು ಅದರಲ್ಲಿ ಇರಲಿಲ್ಲ.
ನಾನು, ನನ್ನ ಗಂಡ ಆರು ವರ್ಷದಿಂದ ಒಂದೇ ಕಡೆ ಇದ್ದೇವೆ. ನಮಗೆ ಹೆಸರಿಗಿಂತ ಜಾಸ್ತಿ ಕಷ್ಟ ಆಗಿದ್ದು ವಿದ್ಯಾರ್ಥಿಗಳ ವಿಷಯದಲ್ಲಿ. ಬೆಳಿಗ್ಗೆ ನಾನೊಂದು ಹೇಳುವುದು, ಸಂಜೆ ಅವರೊಂದು ಹೇಳುವುದು, ಪಾಪ ನಮ್ಮ ವಿದ್ಯಾರ್ಥಿನಿಯೊಬ್ಬಳು ಮೂರು ತಿಂಗಳು ಅದೇ ಪ್ರಯೋಗವನ್ನು ಎರಡೆರಡು ಥರ ಮಾಡಿದಳು. ಈಗ ಒಬ್ಬ ವಿದ್ಯಾರ್ಥಿಗೆ ಒಬ್ಬರೇ ಗೈಡ್. ಪೇಪರಿನಲ್ಲಿ ಯಾರ ಹೆಸರು ಎಲ್ಲಿ ಅಂತಲೂ ಮೊದಲೇ ಮಾತಾಡಿಕೊಳ್ಳುತ್ತೇವೆ.

ಉತ್ತರ 3:
ಮನೆಯಲ್ಲೂ ಅದೇ ಮಾತು ಅನ್ನುವವರಿಗೆ ಸೋನಿಯಾ ವಲ್ಲಭ್, ಎರಿಕ್ ಮಿನಿಕೆಲ್ ದಂಪತಿ ಬಗ್ಗೆ ಹೇಳಿ. ಸೋನಿಯಾ ಕಾನೂನು ಓದಿದವರು. 2010ರಲ್ಲಿ ಅವರ ಅಮ್ಮ ಪ್ರಿಯಾನ್ ಕಾಯಿಲೆಯಿಂದ (ಕೆಟ್ಟ ಆಕಾರ ಪಡೆದ ಪ್ರೋಟೀನ್ ಮೆದುಳನ್ನು ಹಾಳುಮಾಡುವ ಕಾಯಿಲೆ) ತೀರಿಕೊಂಡರು. ಮರುವರ್ಷ ಟೆಸ್ಟ್ ಮಾಡಿಸಿದರೆ ಅದೇ ಜೀನ್ ದೋಷ ಇವರಲ್ಲೂ ಇತ್ತು. ಇಬ್ಬರೂ ಇದ್ದ ಕೆಲಸ ಬಿಟ್ಟು, ಜೀವಶಾಸ್ತ್ರವನ್ನು ಮೊದಲಿನಿಂದ ಕಲಿತು, ಪಿಎಚ್‌ಡಿ ಮಾಡಿ, ಅಮೆರಿಕದ ಬ್ರಾಡ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಒಟ್ಟಿಗೆ ಲ್ಯಾಬ್ ನಡೆಸುತ್ತಿದ್ದಾರೆ. ಅವರು ಹುಡುಕುತ್ತಿರುವುದು ಸೋನಿಯಾಗೇ ಬೇಕಾದ ಔಷಧಿ. ಅದನ್ನು ಮನೆಯ ಬಾಗಿಲಾಚೆ ಬಿಟ್ಟು ಬರೋದು ಹೇಗೆ?

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಇದನ್ನು ಹೆಂಡತಿಗೂ ಓದಿ ಹೇಳಿದೆ. ವಿದ್ಯಾರ್ಥಿಗಳ ಮಾತು ನಮಗೆ ಹೊಳೆದೇ ಇರಲಿಲ್ಲ. ಅರ್ಜಿ ಒಟ್ಟಿಗೇ ಹಾಕುತ್ತೇವೆ, ಗೈಡ್ ಮಾತ್ರ ಬೇರೆ ಬೇರೆ ಇರಲಿ ಅಂತ ಅವಳು ಹೇಳಿದಳು.