ಆರಿಸಿದರೂ ಮತ್ತೆ ಚಾಲೂ ಆಗುವ ಲಿನಕ್ಸ್ ಕಂಪ್ಯೂಟರ್: ತಂತ್ರಜ್ಞರ ಜೊತೆ ಪ್ರಶ್ನೋತ್ತರ

ಬಳಗದ ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಶಟ್‌ಡೌನ್ ಕೊಟ್ಟರೆ ಆರುವ ಬದಲು ಮತ್ತೆ ಚಾಲೂ ಆಗುವ ಲಿನಕ್ಸ್ (ವಿಂಡೋಸ್‌ನಂತೆ ಯಂತ್ರ ನಡೆಸುವ ತಂತ್ರಾಂಶ) ಕಂಪ್ಯೂಟರ್‌ಗಳ ಬಗ್ಗೆ ಈ ವಾರ ಬಹಳ ಜನ ಕೇಳಿದ್ದೀರಿ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಶಾಲೆ ಮತ್ತು ಕಚೇರಿಗಳ ಯಂತ್ರಗಳನ್ನು ನೋಡಿಕೊಳ್ಳುವ ತಂತ್ರಜ್ಞರು ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆಯ ಜೊತೆ ಯಂತ್ರದ ವಿವರವನ್ನೂ ಬರೆಯಿರಿ.

ದಾಲ್ ಮಿಲ್ ಲೆಕ್ಕಿಗರು, ಕಲಬುರಗಿ: ನಮಸ್ಕಾರ ಸರ್. ನಮ್ಮ ಮಿಲ್ಲಿನ ವೇಬ್ರಿಡ್ಜ್ ಕೋಣೆಯಲ್ಲಿ ಲಿನಕ್ಸ್ ಮಿಂಟ್ ಹಾಕಿದ ಹಳೆಯ ಡೆಸ್ಕ್‌ಟಾಪ್ ಇದೆ. ತೊಗರಿ ಲಾರಿಗಳ ತೂಕದ ಚೀಟಿ ತೆಗೆಯುವುದು ಅದರಲ್ಲೇ. ರಾತ್ರಿ ಶಟ್‌ಡೌನ್ ಕೊಟ್ಟು ಬಾಗಿಲಿಗೆ ಬೀಗ ಹಾಕುವಷ್ಟರಲ್ಲಿ ಮತ್ತೆ ಚಾಲೂ ಆಗಿರುತ್ತದೆ. ಒಳಗಿನ ಮದರ್‌ಬೋರ್ಡಿನ ಮೇಲೆ ಎಚ್81 ಎಂದು ಬರೆದಿದೆ. ಬೇಸತ್ತು ಈಗ ಗೋಡೆಯ ಸ್ವಿಚ್ ಆರಿಸಿ ಹೋಗುತ್ತಿದ್ದೇವೆ. ಹೀಗೆ ಮಾಡಬಹುದೇ?

ತಂತ್ರಜ್ಞರು: ಬೇಡ. ಲಿನಕ್ಸ್ ಮತ್ತೆ ಮೇಲೇಳುತ್ತಿರುವಾಗ ಕರೆಂಟ್ ಕಿತ್ತರೆ ಡಿಸ್ಕಿನ ಬರವಣಿಗೆ ಅರ್ಧಕ್ಕೆ ನಿಲ್ಲುತ್ತದೆ. ಒಂದು ದಿನ ತೂಕದ ದಾಖಲೆಯೇ ತೆರೆಯುವುದಿಲ್ಲ. ದುರಸ್ತಿ ಆಗುವವರೆಗೆ ಶಟ್‌ಡೌನ್ ಕೊಟ್ಟು ಯಂತ್ರದ ಪಕ್ಕದಲ್ಲೇ ನಿಂತು, ಫ್ಯಾನ್ ನಿಂತ ಕೂಡಲೇ ಗೋಡೆಯ ಸ್ವಿಚ್ ಆರಿಸಿ.

ಇನ್ನು ಮೂಲಕ್ಕೆ ಬರೋಣ. ಇದನ್ನು ಎಲ್ಲರೂ ಓದಿ, ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಒಂದು, ಯಂತ್ರ ಪೂರ್ತಿ ಆರುತ್ತದೆ, ಆಮೇಲೆ ಯಾವುದೋ ಅದನ್ನು ಎಬ್ಬಿಸುತ್ತದೆ. ಎರಡು, ಯಂತ್ರ ಆರುವುದೇ ಇಲ್ಲ, ಆರುವ ಹಾದಿಯಲ್ಲಿ ಮುಗ್ಗರಿಸಿ ರೀಸ್ಟಾರ್ಟ್ ಆಗುತ್ತದೆ. ಪರದೆ ಎರಡರಲ್ಲೂ ಕಪ್ಪಾಗುವುದರಿಂದ ಅದನ್ನು ನೋಡಿ ತಿಳಿಯುವುದಿಲ್ಲ. ಕ್ಯಾಬಿನೆಟ್ಟಿನ ಪಕ್ಕಕ್ಕೆ ಕಿವಿ ಕೊಡಿ. ಫ್ಯಾನ್ ನಿಂತು, ಮುಂದಿನ ದೀಪ ಆರಿ, ಒಂದೆರಡು ಸೆಕೆಂಡಿನ ನಂತರ ಮತ್ತೆ ಹೊತ್ತಿದರೆ ಮೊದಲನೆಯದು. ಫ್ಯಾನ್ ನಿಲ್ಲದೆ ಲೋಗೊ ಬಂದರೆ ಸಾಮಾನ್ಯವಾಗಿ ಎರಡನೆಯದು. ಮೊದಲನೆಯದರ ಔಷಧ ಎರಡನೆಯದಕ್ಕೆ ತಾಗುವುದಿಲ್ಲ. ನಿಮ್ಮದು ಯಾವುದು?

ದಾಲ್ ಮಿಲ್ ಲೆಕ್ಕಿಗರು, ಕಲಬುರಗಿ: ಈಗಷ್ಟೇ ನೋಡಿದೆ ಸರ್. ದೀಪ ಆರಿತು, ಫ್ಯಾನ್ ನಿಂತಿತು. ಉಸಿರು ಬಿಡುವಷ್ಟರಲ್ಲಿ ಮತ್ತೆ ಎದ್ದಿತು.

ತಂತ್ರಜ್ಞರು: ಹಾಗಾದರೆ ಎಬ್ಬಿಸುವವರು ಯಾರೆಂದು ಹುಡುಕಬೇಕು. ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು ಶಟ್‌ಡೌನ್ ಕೊಡಿ. ಆರಿಯೇ ಉಳಿದರೆ ಬಯೋಸ್‌ನಲ್ಲಿ, ಅಂದರೆ ಲಿನಕ್ಸ್‌ಗಿಂತ ಮೊದಲು ಏಳುವ ಬೋರ್ಡಿನ ಸ್ವಂತ ತಂತ್ರಾಂಶದಲ್ಲಿ, ವೇಕ್ ಆನ್ ಲ್ಯಾನ್ (ನೆಟ್‌ವರ್ಕ್ ಮೂಲಕ ಯಂತ್ರವನ್ನು ಎಬ್ಬಿಸುವ ಸೌಲಭ್ಯ) ನಿಲ್ಲಿಸಿ. ಎದ್ದರೆ ಮೌಸ್, ಕೀಬೋರ್ಡ್, ತೂಕದ ಯಂತ್ರದಿಂದ ಬರುವ ಯುಎಸ್‌ಬಿ ತಂತಿ ಎಲ್ಲವನ್ನೂ ಕಿತ್ತು, ಪವರ್ ಬಟನ್ ಒತ್ತಿಯೇ ಆರಿಸಿ ನೋಡಿ.

ನನ್ನ ಅನುಮಾನ ಯುಎಸ್‌ಬಿ ಮೇಲೆ. ಎಚ್81 ಎಂಬುದು 2013ರಲ್ಲಿ ಬಂದ ಇಂಟೆಲ್ ಹ್ಯಾಸ್ವೆಲ್ ಪ್ರೊಸೆಸರ್‌ಗಳ ಕಾಲದ ಬೋರ್ಡು. ಆ ತಲೆಮಾರಿನ ಕೆಲವು ಬೋರ್ಡುಗಳಲ್ಲಿ ಯುಎಸ್‌ಬಿ 3 ನಿಯಂತ್ರಕ ಆರಿದ ಮೇಲೂ ಸುಳ್ಳು ಸಂಕೇತ ಕೊಟ್ಟು ಯಂತ್ರವನ್ನು ಎಬ್ಬಿಸುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಇದಕ್ಕೆ ಪರಿಹಾರ ಇದೆ, ಆದರೆ ಎಲ್ಲ ಬೋರ್ಡುಗಳಿಗೂ ತಾನಾಗಿ ಹಚ್ಚಿಕೊಳ್ಳುವುದಿಲ್ಲ. ಯಂತ್ರ ಚಾಲೂ ಆಗುವಾಗ ಲಿನಕ್ಸ್ ಅನ್ನು ಎಬ್ಬಿಸುವ ಗ್ರಬ್‌ನ ಪರದೆಯಲ್ಲಿ ಇ ಕೀಲಿ ಒತ್ತಿ. ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು ಎಕ್ಸ್‌ಎಚ್‌ಸಿಐ, ಅಂಡರ್‌ಸ್ಕೋರ್, ಎಚ್‌ಸಿಡಿ, ಚುಕ್ಕೆ, ಕ್ವರ್ಕ್ಸ್, ಸಮ ಚಿಹ್ನೆ, 270336 ಎಂದು ನಡುವೆ ಎಲ್ಲೂ ಜಾಗ ಬಿಡದೆ ಬರೆದು ಕಂಟ್ರೋಲ್ ಎಕ್ಸ್ ಒತ್ತಿ. ಇದು ಒಂದು ಸಲಕ್ಕೆ ಮಾತ್ರ, ಮುಂದಿನ ಸಲ ತಾನಾಗಿ ಹೋಗುತ್ತದೆ. ಹಾಗಾಗಿ ಧೈರ್ಯವಾಗಿ ಪರೀಕ್ಷಿಸಬಹುದು. 8192 ಸುಳ್ಳು ರೀಬೂಟ್ ತಡೆಯುವ ಗುರುತು, 262144 ಸುಳ್ಳು ಎಚ್ಚರ ತಡೆಯುವ ಗುರುತು, ಎರಡನ್ನೂ ಕೂಡಿದರೆ ಈ ಸಂಖ್ಯೆ. ಇಂಥ ಯುಎಸ್‌ಬಿ ದೋಷಕ್ಕೆ ಮಾತ್ರ ಇದು. ದಯವಿಟ್ಟು ಸಂಖ್ಯೆಯನ್ನು ಮಂತ್ರದ ಹಾಗೆ ಊರಿಗೆಲ್ಲ ಹಂಚಬೇಡಿ.

ಪದವಿ ವಿದ್ಯಾರ್ಥಿ, ಬೀದರ್: ಸರ್, ನನ್ನ ಲ್ಯಾಪ್‌ಟಾಪ್ ಕೂಡ ಶಟ್‌ಡೌನ್ ಕೊಟ್ಟರೆ ರೀಸ್ಟಾರ್ಟ್ ಆಗುತ್ತದೆ. ಪರಿಹಾರ ತಿಳಿಸಿ.

ತಂತ್ರಜ್ಞರು: ದೀಪ ಆರುತ್ತದೆಯೋ ಇಲ್ಲವೋ? ಮೇಲೆ ಬರೆದಿದ್ದೇನೆ.

ಗೃಹಿಣಿ, ಭಾಲ್ಕಿ: ಲಿನಕ್ಸ್‌ನಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳು ಅಕ್ಷರ ಕೆಟ್ಟು ಕಾಣುತ್ತವೆ. ಏನು ಮಾಡಬೇಕು?

ನಿವೃತ್ತ ನೌಕರರು, ಕಲಬುರಗಿ: ಬೇರೆ ಗುಂಪಿನಿಂದ ಬಂದದ್ದನ್ನು ಹಾಕುತ್ತಿದ್ದೇನೆ, ಎಲ್ಲರಿಗೂ ಉಪಯೋಗ: “ಲಿನಕ್ಸ್ ರೀಸ್ಟಾರ್ಟ್ ಸಮಸ್ಯೆಗೆ ನೂರಕ್ಕೆ ನೂರು ಪರಿಹಾರ. ಗ್ರಬ್‌ನಲ್ಲಿ ಎಸಿಪಿಐ=ಆಫ್ ಎಂದು ಸೇರಿಸಿ. ಹತ್ತು ಜನರಿಗೆ ಕಳುಹಿಸಿ.”

ತಂತ್ರಜ್ಞರು: ಇದನ್ನು ಯಾರೂ ಮಾಡಬೇಡಿ. ಕರೆಂಟ್ ಕಡಿ ಎಂದು ಲಿನಕ್ಸ್ ಬೋರ್ಡಿಗೆ ಹೇಳುವುದೇ ಎಸಿಪಿಐ ಎಂಬ ಏರ್ಪಾಡಿನ ಮೂಲಕ. ಅದನ್ನೇ ಮುಚ್ಚಿದರೆ ರೀಸ್ಟಾರ್ಟ್ ನಿಲ್ಲಬಹುದು, ಆದರೆ ಯಂತ್ರ ಆರುವುದೂ ಇಲ್ಲ. ಹಿರಿಯರೇ, ಹತ್ತು ಜನರಿಗೆ ಕಳುಹಿಸಿ ಎಂದು ಬರೆದಿರುವ ಯಾವ ಪರಿಹಾರವನ್ನೂ ಈ ಬಳಗಕ್ಕೆ ತರಬೇಡಿ.

ನಿವೃತ್ತ ನೌಕರರು, ಕಲಬುರಗಿ: ಒಳ್ಳೆಯ ಉದ್ದೇಶದಿಂದ ಹಾಕಿದೆ. ಇಷ್ಟು ಗಡುಸಾಗಿ ಹೇಳುವ ಅಗತ್ಯ ಇರಲಿಲ್ಲ.

ಡಿಟಿಪಿ ಕೇಂದ್ರದವರು, ಯಾದಗಿರಿ: ಸರ್, ಭಯವಾಗುತ್ತಿದೆ. ಇದೇ ಸಂದೇಶ ನಮ್ಮ ಗುಂಪಿಗೂ ಬಂದಿತ್ತು, ನಿನ್ನೆ ಹುಡುಗನ ಕೈಯಿಂದ ಹಾಕಿಸಿದೆ. ಉಬುಂಟು ಎಂಬ ಬಗೆಯ ಲಿನಕ್ಸ್ ಇರುವ ಲ್ಯಾಪ್‌ಟಾಪ್. ರೀಸ್ಟಾರ್ಟ್ ನಿಂತಿತು. ಆದರೆ ಬ್ಯಾಟರಿಯ ಚಿಹ್ನೆ ಕಾಣುತ್ತಿಲ್ಲ. ಶಟ್‌ಡೌನ್ ಕೊಟ್ಟರೆ ಕೊನೆಗೆ ‘ಸಿಸ್ಟಮ್ ಹಾಲ್ಟೆಡ್’ ಎಂದು ಬಂದು ನಿಲ್ಲುತ್ತದೆ. ಮುಚ್ಚಿ ಬ್ಯಾಗಿಗೆ ಹಾಕಿಕೊಂಡು ಮನೆಗೆ ಒಯ್ದೆ. ತೆಗೆದಾಗ ಕೈ ಸುಡುವಷ್ಟು ಬಿಸಿ ಇತ್ತು.

ತಂತ್ರಜ್ಞರು: ಅಕ್ಕಾವರೇ, ಅದನ್ನು ಮತ್ತೆ ಬ್ಯಾಗಿಗೆ ಹಾಕಬೇಡಿ. ಈಗ ಹಾಸಿಗೆ, ದಿಂಬಿನ ಮೇಲಿದ್ದರೆ ಮೇಜಿನ ಮೇಲೆ ಇಡಿ. ‘ಹಾಲ್ಟೆಡ್’ ಎಂದರೆ ಲಿನಕ್ಸ್ ನಿಂತಿದೆ, ಕರೆಂಟ್ ನಿಂತಿಲ್ಲ ಎಂದು ಅರ್ಥ. ಪ್ರೊಸೆಸರ್‌ಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಬಿಸಿ ಏರಿದಾಗ ವೇಗ ತಗ್ಗಿಸುವ, ಮಿತಿ ಮೀರಿದರೆ ಯಂತ್ರವನ್ನು ಆರಿಸುವ ಏರ್ಪಾಡಿನ ದೊಡ್ಡ ಪಾಲು ಎಸಿಪಿಐ ಮೂಲಕವೇ ನಡೆಯುವುದರಿಂದ ಆ ಕಾವಲೂ ಈಗ ಬಹುಮಟ್ಟಿಗೆ ಇಲ್ಲ. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ. ಮುಚ್ಚಿದ ಬ್ಯಾಗಿನಲ್ಲಿ ಬ್ಯಾಟರಿಯ ಗತಿ ಏನಾಗಬೇಕು!

ಈಗಲೇ ಹೀಗೆ ಮಾಡಿ. ಪವರ್ ಬಟನ್ ಒತ್ತಿ ಹಿಡಿದು ದೀಪ ಆರುವವರೆಗೆ ಕಾಯಿರಿ. ತಣ್ಣಗಾದ ಮೇಲೆ ಚಾಲೂ ಮಾಡಿ, ಲೋಗೊ ಬಂದ ಕೂಡಲೇ ಎಸ್ಕೇಪ್ ಕೀಲಿ ಒತ್ತಿದರೆ ಗ್ರಬ್ ಪರದೆ ಬರುತ್ತದೆ. ಅಲ್ಲಿ ಇ ಒತ್ತಿ, ‘ಲಿನಕ್ಸ್’ ಸಾಲಿನಲ್ಲಿರುವ ಎಸಿಪಿಐ=ಆಫ್ ಎಂಬುದನ್ನು ಅಳಿಸಿ, ಕಂಟ್ರೋಲ್ ಎಕ್ಸ್ ಒತ್ತಿ. ಒಳಗೆ ಹೋದ ಮೇಲೆ ಇಟಿಸಿ ಫೋಲ್ಡರಿನ ಒಳಗಿನ ಡೀಫಾಲ್ಟ್‌ನಲ್ಲಿ ಗ್ರಬ್ ಎಂಬ ಕಡತವಿದೆ. ಅದನ್ನು ಸುಡೋ, ಅಂದರೆ ನಿರ್ವಾಹಕರ ಅಧಿಕಾರದಿಂದ ತೆರೆದು ಅಲ್ಲಿಯೂ ಅಳಿಸಿ ಉಳಿಸಿ, ಆಜ್ಞೆ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಸುಡೋ ಅಪ್‌ಡೇಟ್-ಗ್ರಬ್’ ಕೊಡಿ. ಬ್ಯಾಟರಿಯ ಚಿಹ್ನೆ ಮರಳಿ ಬಂದರೆ ಕೆಲಸ ಸರಿಯಾಗಿದೆ ಎಂದು ಅರ್ಥ. ಮೂಲ ತೊಂದರೆ ಶುರುವಾದದ್ದು ಯಾವಾಗ?

ಡಿಟಿಪಿ ಕೇಂದ್ರದವರು, ಯಾದಗಿರಿ: ಚಿಹ್ನೆ ಬಂತು ಸರ್! ತೊಂದರೆ ಶುರುವಾದದ್ದು ದೊಡ್ಡದೊಂದು ಅಪ್‌ಡೇಟ್ ಆದ ಮೇಲೆ. ಈಗ ಮತ್ತೆ ರೀಸ್ಟಾರ್ಟ್ ಆಗುತ್ತಿದೆ, ದೀಪ ಆರುವುದಿಲ್ಲ.

ತಂತ್ರಜ್ಞರು: ಹಾಗಿದ್ದರೆ ಎರಡನೆಯ ಕಾಯಿಲೆ. ಗ್ರಬ್‌ನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನಲ್ ಇರುತ್ತದೆ. ಅದರಿಂದ ಒಳಗೆ ಹೋಗಿ ಶಟ್‌ಡೌನ್ ಕೊಡಿ. ಸರಿಯಾಗಿ ಆರಿದರೆ ದೋಷ ಹೊಸ ಕರ್ನಲ್‌ನದು, ಮುಂದಿನ ಅಪ್‌ಡೇಟ್ ಬರುವವರೆಗೆ ಹಳೆಯದರಲ್ಲೇ ಇರಿ. ಫಲ ಏನಾಯಿತೆಂದು ಖಂಡಿತ ಬರೆಯಿರಿ.

ಎಲೆಕ್ಟ್ರಾನಿಕ್ಸ್ ಅಂಗಡಿಯವರು, ಹುಮನಾಬಾದ್: ಇಷ್ಟೆಲ್ಲ ಬರೆಯುವ ಅಗತ್ಯವೇ ಇಲ್ಲ. ದಾಲ್ ಮಿಲ್ಲಿನವರದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಪವರ್ ಸಪ್ಲೈ, ಹೋಗಿದೆ. ಮಿಲ್ಲಿನ ಮೋಟಾರ್ ಹತ್ತಿದಾಗ ವೋಲ್ಟೇಜ್ ಕುಸಿಯುತ್ತದೆ, ಕಂಪ್ಯೂಟರ್ ಎದ್ದು ಕೂರುತ್ತದೆ. ದಿನಾ ನೋಡುತ್ತೇನೆ.

ಪದವಿ ವಿದ್ಯಾರ್ಥಿ, ಬೀದರ್: ರಾತ್ರಿ ಮಿಲ್ ಮುಚ್ಚಿದ ಮೇಲೆ ಯಾವ ಮೋಟಾರ್ ಅಣ್ಣ? ಎಲ್ಲದಕ್ಕೂ ಎಸ್‌ಎಂಪಿಎಸ್ ಬದಲಿಸಿ ಎನ್ನುವುದು ಅಂಗಡಿಯವರ ಅಭ್ಯಾಸ.

ಎಲೆಕ್ಟ್ರಾನಿಕ್ಸ್ ಅಂಗಡಿಯವರು, ಹುಮನಾಬಾದ್: ನಿನ್ನ ವಯಸ್ಸಿಗಿಂತ ಹೆಚ್ಚು ವರ್ಷ ಬೆಸುಗೆ ಹಾಕಿದ್ದೇನೆ ತಮ್ಮಾ. ಮಾತು ನೋಡಿ ಆಡು.

ಮೊಬೈಲ್ ಅಂಗಡಿಯವರು, ಸೇಡಂ: ಎಲ್ಲರೂ ವಿಂಡೋಸ್ ಹಾಕಿಕೊಳ್ಳಿ, ಜಗಳ ಮುಗಿಯುತ್ತದೆ.

ಪದವಿ ವಿದ್ಯಾರ್ಥಿ, ಬೀದರ್: ಲೈಸನ್ಸಿನ ದುಡ್ಡು ನೀವು ಕೊಡುತ್ತೀರಾ? ಕದ್ದ ವಿಂಡೋಸ್ ಹಾಕಿಕೊಟ್ಟು ವೈರಸ್ ತೆಗೆಯಲು ಮತ್ತೆ ದುಡ್ಡು ಕೇಳುವವರೇ ಈ ಮಾತು ಹೇಳುವುದು.

ಮೊಬೈಲ್ ಅಂಗಡಿಯವರು, ಸೇಡಂ: ನಾನು ಕದ್ದದ್ದನ್ನು ನೀನು ಕಂಡಿದ್ದೀಯಾ?

ಬಳಗದ ನಿರ್ವಾಹಕರು: ವೈಯಕ್ತಿಕ ಮಾತು ಬೇಡ. ಇಬ್ಬರಿಗೂ ಹೇಳುತ್ತಿದ್ದೇನೆ.

ತಂತ್ರಜ್ಞರು: ಹುಮನಾಬಾದಿನವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬಯೋಸ್‌ನಲ್ಲಿ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಎಂಬುದು ‘ಪವರ್ ಆನ್’ ಎಂದಿದ್ದರೆ, ಕರೆಂಟ್ ಹೋಗಿ ಬಂದ ಕೂಡಲೇ ಆರಿಸಿಟ್ಟ ಯಂತ್ರವೂ ಚಾಲೂ ಆಗುತ್ತದೆ. ಅದನ್ನು ‘ಪವರ್ ಆಫ್’ ಮಾಡಿ. ಆದರೆ ಪ್ರತಿ ಸಲ ಶಟ್‌ಡೌನ್ ಕೊಟ್ಟ ಒಂದೆರಡು ಸೆಕೆಂಡಿಗೇ ಸರಿಯಾಗಿ ವೋಲ್ಟೇಜ್ ಕುಸಿಯುವುದಿಲ್ಲ. ಪರೀಕ್ಷಿಸದೆ ಎಸ್‌ಎಂಪಿಎಸ್ ಕೊಳ್ಳಬೇಡಿ.

ಗ್ರಂಥಾಲಯ ಸಿಬ್ಬಂದಿ, ಆಳಂದ: ಬಯೋಸ್‌ನಲ್ಲಿ ಬದಲಿಸಿದ್ದು ಮರುದಿನ ಇರುವುದಿಲ್ಲ.

ತಂತ್ರಜ್ಞರು: ಬಯೋಸ್‌ನ ನೆನಪು ಉಳಿಸುವ, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಬದಲಿಸಿ.

ಪದವಿ ವಿದ್ಯಾರ್ಥಿ, ಬೀದರ್: ಸರ್, ನನ್ನ ಲ್ಯಾಪ್‌ಟಾಪ್‌ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ತಂತ್ರಜ್ಞರು: ಜಗಳಕ್ಕೆ ಸಮಯ ಇತ್ತು, ದೀಪ ನೋಡಲು ಇರಲಿಲ್ಲವೇ? ನೋಡಿ ಬರೆ.

ಪ್ರೌಢಶಾಲಾ ಶಿಕ್ಷಕರು, ಸುರಪುರ: ಸರ್, ನಮ್ಮ ಶಾಲೆಯ ಲ್ಯಾಬಿನಲ್ಲಿ ವಿಚಿತ್ರ ನಡೆಯುತ್ತಿದೆ. ಎಲ್ಲದರಲ್ಲೂ ಉಬುಂಟು. ಸಂಜೆ ಆರಿಸಿದರೆ ಕಿಟಕಿ ಪಕ್ಕದ ಸಾಲಿನವು ಮಾತ್ರ ಮತ್ತೆ ಏಳುತ್ತವೆ. ಪಟ್ಟು ಹಿಡಿದು ಆರಿಸಿ ಬೀಗ ಹಾಕಿ ಹೋದರೂ ಕೆಲವು ದಿನ ಬೆಳಿಗ್ಗೆ ಬಂದಾಗ ಚಾಲೂ ಇರುತ್ತವೆ. ಬಯೋಸ್‌ನಲ್ಲಿ ಎಸಿ ಪವರ್ ಆಫ್ ಎಂದೇ ಇದೆ. ಯುಎಸ್‌ಬಿ ಎಲ್ಲ ಕಿತ್ತು ನೋಡಿದೆ, ವ್ಯತ್ಯಾಸವಿಲ್ಲ. ನೆಟ್‌ವರ್ಕ್ ಕೇಬಲ್ ಕಿತ್ತರೆ ಏಳುವುದಿಲ್ಲ. ಆದರೆ ಇನ್ನೊಂದು ಸಾಲಿಗೂ ಅದೇ ನೆಟ್‌ವರ್ಕ್ ಸ್ವಿಚ್ಚಿನಿಂದಲೇ (ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ) ಕೇಬಲ್ ಹೋಗಿದೆ!

ತಂತ್ರಜ್ಞರು: ಗುರುಗಳೇ, ಕೇಳುವವರು ಹೀಗೆ ಕೇಳಬೇಕು. ಏಳುವ ಒಂದು ಯಂತ್ರದ ಟರ್ಮಿನಲ್‌ನಲ್ಲಿ ‘ಸುಡೋ ಇಥ್‌ಟೂಲ್’ ಎಂದು ಬರೆದು ಮುಂದೆ ನೆಟ್‌ವರ್ಕ್ ಕಾರ್ಡಿನ ಹೆಸರು ಕೊಡಿ. ‘ವೇಕ್-ಆನ್’ ಎಂಬ ಸಾಲಿನ ಮುಂದೆ ಯಾವ ಅಕ್ಷರಗಳಿವೆ? ಏಳದ ಯಂತ್ರದಲ್ಲಿ ಯಾವುದು?

ಪ್ರೌಢಶಾಲಾ ಶಿಕ್ಷಕರು, ಸುರಪುರ: ಶಾಲೆಯ ಪಕ್ಕದಲ್ಲೇ ಮನೆ, ಹೋಗಿ ನೋಡಿ ಬಂದೆ. ಏಳುವುದರಲ್ಲಿ ಪಿ, ಯು, ಎಂ, ಬಿ, ಜಿ ಐದೂ ಸಾಲಾಗಿವೆ. ಏಳದ್ದರಲ್ಲಿ ಜಿ ಒಂದೇ.

ತಂತ್ರಜ್ಞರು: ಸಿಕ್ಕಿತು. ಜಿ ಎಂದರೆ ಈ ಯಂತ್ರಕ್ಕೆಂದೇ ಕಳುಹಿಸಿದ ವಿಶೇಷ ಪ್ಯಾಕೆಟ್ (ನೆಟ್‌ವರ್ಕಿನ ಸಂದೇಶ) ಬಂದರೆ ಮಾತ್ರ ಏಳು ಎಂದು. ಅದು ತಾನಾಗಿ ಬರುವುದಿಲ್ಲ, ಹಾಗಾಗಿ ಆ ಸಾಲು ಸುಮ್ಮನೆ ಮಲಗಿದೆ. ಬಿ ಎಂದರೆ ಎಲ್ಲರಿಗೂ ಎಂದು ಹೊರಟ ಯಾವ ಪ್ಯಾಕೆಟ್‌ಗಾದರೂ ಏಳು ಎಂದು. ಪಕ್ಕದ ಕಂಪ್ಯೂಟರ್ ಚಾಲೂ ಇದ್ದರೆ ಅಂಥವನ್ನು ಕಳುಹಿಸುತ್ತಲೇ ಇರುತ್ತದೆ, ಸಂಜೆ ನೀವು ಆರಿಸಿದ್ದನ್ನು ಅದು ಎಬ್ಬಿಸುತ್ತದೆ. ಪಿ ಎಂದರೆ ಕೇಬಲ್ಲಿನ ಸಂಪರ್ಕ ಮರಳಿದರೂ ಏಳು ಎಂದು. ರಾತ್ರಿ ಕರೆಂಟ್ ಹೋಗಿ ಬಂದಾಗ ನೆಟ್‌ವರ್ಕ್ ಸ್ವಿಚ್ ಮತ್ತೆ ಜೀವ ಪಡೆಯುತ್ತದೆ, ಸಂಪರ್ಕ ಮರಳುತ್ತದೆ. ಆ ಕಂಪ್ಯೂಟರ್‌ಗಳು ಯುಪಿಎಸ್ ಮೇಲಿದ್ದು ಸ್ವಿಚ್ ಮಾತ್ರ ನೇರ ಕರೆಂಟಿನ ಮೇಲಿರಬೇಕು, ಅಲ್ಲವೇ?

ಪ್ರೌಢಶಾಲಾ ಶಿಕ್ಷಕರು, ಸುರಪುರ: ಹೌದು ಸರ್! ಸ್ವಿಚ್ ಬಾಗಿಲ ಬಳಿಯ ಪ್ಲಗ್ಗಿನಲ್ಲಿದೆ.

ತಂತ್ರಜ್ಞರು: ಹಿಂದೆ ಯಾರೋ ದೂರದಿಂದಲೇ ಚಾಲೂ ಮಾಡಲು ಈ ಏರ್ಪಾಡು ಮಾಡಿದ್ದಾರೆ. ‘ಅಡ್ವಾನ್ಸ್ಡ್ ನೆಟ್‌ವರ್ಕ್ ಕಾನ್ಫಿಗರೇಶನ್’ ತೆರೆಯಿರಿ, ವೈರ್ಡ್ ಸಂಪರ್ಕದ ‘ಈಥರ್ನೆಟ್’ ಪುಟಕ್ಕೆ ಹೋಗಿ. ವೇಕ್ ಆನ್ ಲ್ಯಾನ್ ಸಾಲಿನಲ್ಲಿ ಚೌಕಗಳಿರುತ್ತವೆ, ಡೀಫಾಲ್ಟ್ ಸೇರಿ ಎಲ್ಲದರ ಗುರುತು ತೆಗೆದು ಉಳಿಸಿ. ಒಮ್ಮೆ ರೀಸ್ಟಾರ್ಟ್ ಮಾಡಿ ಇಥ್‌ಟೂಲ್ ನೋಡಿದರೆ ‘ವೇಕ್-ಆನ್’ ಮುಂದೆ ಡಿ ಎಂದಿರಬೇಕು. ಹಾಗಿಲ್ಲದಿದ್ದರೆ ಬರೆಯಿರಿ.

ನಿವೃತ್ತ ನೌಕರರು, ಕಲಬುರಗಿ: ಯೂಟ್ಯೂಬಿನಲ್ಲಿ ಬಯೋಸ್ ಅಪ್‌ಡೇಟ್ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂದಿದ್ದಾರೆ. ಅದನ್ನಾದರೂ ಹೇಳಬಹುದೋ ಇಲ್ಲವೋ?

ತಂತ್ರಜ್ಞರು: ಹೇಳಬಹುದು, ಆದರೆ ಕೊನೆಯ ಉಪಾಯವಾಗಿ. ಬಯೋಸ್ ಬರೆಯುವಾಗ ನಡುವೆ ಕರೆಂಟ್ ಹೋದರೆ ಬೋರ್ಡು ಮತ್ತೆ ಏಳದಿರಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಅದಕ್ಕೆ ಕೈ ಹಾಕಬೇಡಿ. ಬೇರೆ ಮಾದರಿಯ ಕಡತವನ್ನಂತೂ ಹಾಕಲೇಬೇಡಿ.

ಗೃಹಿಣಿ, ಭಾಲ್ಕಿ: ನುಡಿ ಕಡತಗಳ ಬಗ್ಗೆ ಕೇಳಿದ್ದೆ.

ಪಾಲಿಟೆಕ್ನಿಕ್ ವಿದ್ಯಾರ್ಥಿನಿ, ಶಹಾಪುರ: ಸರ್, ನನ್ನ ಕಂಪ್ಯೂಟರ್ ಶಟ್‌ಡೌನ್ ಕೊಟ್ಟರೆ ರೀಸ್ಟಾರ್ಟ್ ಆಗುತ್ತದೆ, ಏನು ಮಾಡಬೇಕು?

ತಂತ್ರಜ್ಞರು: ಮೊದಲ ಉತ್ತರ ಓದು.

ದಾಲ್ ಮಿಲ್ ಲೆಕ್ಕಿಗರು, ಕಲಬುರಗಿ: ಸರ್, ಕೇಬಲ್ ಕಿತ್ತರೂ ಎದ್ದಿತು. ಯುಎಸ್‌ಬಿ ಎಲ್ಲ ಕಿತ್ತಾಗ ಆರಿಯೇ ಉಳಿಯಿತು. ಆಮೇಲೆ ಎಲ್ಲವನ್ನೂ ಮರಳಿ ಜೋಡಿಸಿ ನಿಮ್ಮ ಸಂಖ್ಯೆ ಹಾಕಿದೆ. ಆರಿತು, ಏಳಲಿಲ್ಲ. ಅರ್ಧ ಗಂಟೆ ಕಾದು ನೋಡಿದೆ. ಇದನ್ನು ಕಾಯಂ ಮಾಡುವುದು ಹೇಗೆ?

ಎಲೆಕ್ಟ್ರಾನಿಕ್ಸ್ ಅಂಗಡಿಯವರು, ಹುಮನಾಬಾದ್: ಒಂದು ವಾರ ಕಾದು ನೋಡಿ, ಆಮೇಲೆ ಮಾತಾಡೋಣ.

ತಂತ್ರಜ್ಞರು: ಯಾದಗಿರಿಯ ಅಕ್ಕನವರಿಗೆ ಹೇಳಿದ ಅದೇ ಗ್ರಬ್ ಕಡತ ತೆರೆಯಿರಿ. ‘ಕ್ವಯಟ್ ಸ್ಪ್ಲಾಶ್’ ಎಂದಿರುವ ಸಾಲಿನಲ್ಲಿ ಉದ್ಧರಣ ಚಿಹ್ನೆ ಮುಚ್ಚುವ ಮುಂಚೆ ಒಂದು ಜಾಗ ಬಿಟ್ಟು, ಪರೀಕ್ಷೆಗೆ ಬರೆದಿದ್ದನ್ನು ಎಕ್ಸ್‌ಎಚ್‌ಸಿಐಯಿಂದ ಸಂಖ್ಯೆಯವರೆಗೆ ಪೂರ್ತಿ ಸೇರಿಸಿ, ಉಳಿಸಿ, ‘ಸುಡೋ ಅಪ್‌ಡೇಟ್-ಗ್ರಬ್’ ಕೊಡಿ. ತೂಕದ ದಾಖಲೆಯ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಇಂದೇ ತೆಗೆದಿಡಿ, ಗೋಡೆಯ ಸ್ವಿಚ್ಚಿನಿಂದ ಆರಿಸಿದ ದಿನಗಳಲ್ಲಿ ಡಿಸ್ಕಿಗೆ ಏನಾಗಿದೆಯೋ ನೋಡಬೇಕು. ಅಕ್ಕಾವರೇ, ಹಳೆಯ ಕರ್ನಲ್‌ನಿಂದ ಆರಿತೇ?

ಡಿಟಿಪಿ ಕೇಂದ್ರದವರು, ಯಾದಗಿರಿ: ಆರಿತು ಸರ್. ದೀಪವೂ ಆರಿತು, ಮುಟ್ಟಿದರೆ ತಣ್ಣಗಿದೆ.