ಪಾಲಿಟೋನಿಕ್ ಗ್ರೀಕ್ ಕೀಲಿಮಣೆ: ಚಿಹ್ನೆಗಳ ಕ್ರಮ ಬದಲಾದರೆ ಅಕ್ಷರ ಕೆಡುತ್ತಿದೆ

ಪ್ರಶ್ನೆ:
ಪಾಲಿಟೋನಿಕ್, ಅಂದರೆ ಹಲವು ಸ್ವರ-ಉಸಿರು ಚಿಹ್ನೆಗಳಿರುವ, ಪ್ರಾಚೀನ ಗ್ರೀಕ್ ಪಠ್ಯಗಳನ್ನು ಟೈಪಿಸಲು ಕೀಲಿಮಣೆ ರಚನೆಯ ತಂತ್ರಾಂಶವಾದ ಕೀಮ್ಯಾನ್‌ನಲ್ಲಿ ಒಂದು ಕೀಲಿಮಣೆಯನ್ನು ಸಿದ್ಧಪಡಿಸುತ್ತಿದ್ದೇನೆ. ಮೊದಲು ಅಕ್ಷರ, ಅನಂತರ ಚಿಹ್ನೆ ಎಂಬುದು ಅದರ ಕ್ರಮ. ‘ಆಂಥ್ರೋಪೋಸ್’ ಪದದ ಮೊದಲಕ್ಷರಕ್ಕೆ ಆಲ್ಫಾ, ಪ್ಸಿಲಿ (ಮೃದು ಉಸಿರಿನ ಚಿಹ್ನೆ), ಓಕ್ಸಿಯಾ (ಏರುಸ್ವರದ ಚಿಹ್ನೆ) ಎಂದು ಒತ್ತಿದರೆ ಎರಡು ಚಿಹ್ನೆಗಳೂ ಅಕ್ಕಪಕ್ಕ ಸರಿಯಾಗಿ ಕೂರುತ್ತವೆ. ಓಕ್ಸಿಯಾವನ್ನು ಮೊದಲು ಒತ್ತಿದರೆ ಒಂದರ ಮೇಲೊಂದು ಏರುತ್ತವೆ, ಹುಡುಕಿದರೂ ಪದ ಸಿಗುವುದಿಲ್ಲ. ಅಡಿಯಲ್ಲಿ ಬರುವ ಇಯೋಟಾವನ್ನು ಮಾತ್ರ ಯಾವಾಗ ಒತ್ತಿದರೂ ತೊಂದರೆಯಿಲ್ಲ. ಇದು ಫಾಂಟಿನ ದೋಷವೇ?

ಉತ್ತರ:
ಫಾಂಟಿನದಲ್ಲ. ಯುನಿಕೋಡ್‌ನಲ್ಲಿ ಅಕ್ಷರಕ್ಕೆ ಸೇರಿಕೊಳ್ಳುವ ಪ್ರತಿ ಸಂಯೋಜಕ ಚಿಹ್ನೆಗೂ ಒಂದು ವರ್ಗಸಂಖ್ಯೆ ಇದೆ. ಪ್ಸಿಲಿ, ಓಕ್ಸಿಯಾ ಎರಡರದ್ದೂ 230. ಅಡಿ ಇಯೋಟಾದ್ದು 240. ವರ್ಗ ಬೇರೆಯಾದರೆ ನಾರ್ಮಲೈಸೇಶನ್ (ಪಠ್ಯವನ್ನು ಏಕರೂಪಕ್ಕೆ ತರುವ ಕ್ರಿಯೆ) ಚಿಹ್ನೆಗಳನ್ನು ತಾನೇ ಮರುಜೋಡಿಸುತ್ತದೆ, ಒಂದೇ ವರ್ಗದವುಗಳ ಕ್ರಮವನ್ನು ಮುಟ್ಟುವುದಿಲ್ಲ. ಹಾಗಾಗಿ ಎನ್‌ಎಫ್‌ಸಿ ಎಂಬ, ಅಕ್ಷರ ಮತ್ತು ಚಿಹ್ನೆಯನ್ನು ಬೆಸೆದ ರೂಪಕ್ಕೆ ತಂದರೂ ಆಲ್ಫಾ ಮೊದಲು ಓಕ್ಸಿಯಾದೊಂದಿಗೆ ಬೆಸೆದು ಯು+03ಎಸಿ ಸಂಕೇತದ ಅಕ್ಷರ ಆಗುತ್ತದೆ, ಪ್ಸಿಲಿ ಒಂಟಿಯಾಗಿ ಹಿಂದೆ ಉಳಿಯುತ್ತದೆ. ಎರಡೂ ಚಿಹ್ನೆಗಳಿರುವ, ನಮಗೆ ಬೇಕಾದ ಯು+1ಎಫ್04 ಹುಟ್ಟುವುದೇ ಇಲ್ಲ.

ಬಳಕೆದಾರರಿಗೆ ಕ್ರಮವನ್ನು ಕಲಿಸುವುದು ಪರಿಹಾರವಲ್ಲ, ಆ ಹೊರೆಯನ್ನು ಕೀಲಿಮಣೆಯೇ ಹೊರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೀಲಿಯೊಂದು ಬರಿಯ ಚಿಹ್ನೆಯನ್ನು ಹೊರಹಾಕುವ ಬದಲು, ಹಿಂದಿರುವ ಅಕ್ಷರವನ್ನು ನೋಡಿ ಅದನ್ನು ಪೂರ್ವಸಂಯೋಜಿತ (ಚಿಹ್ನೆ ಸೇರಿಯೇ ಒಂದು ಸಂಕೇತವಿರುವ) ಅಕ್ಷರದಿಂದ ಬದಲಿಸುವಂತೆ ನಿಯಮ ಬರೆಯಿರಿ. ಓಕ್ಸಿಯಾ ಇರುವ ಸ್ವರಗಳನ್ನೆಲ್ಲ ಕೀಮ್ಯಾನ್ ಅಕ್ಷರಪಟ್ಟಿಯಾದ ಒಂದು ಸ್ಟೋರ್‌ನಲ್ಲಿಯೂ, ಪ್ಸಿಲಿ ಮತ್ತು ಓಕ್ಸಿಯಾ ಎರಡೂ ಇರುವವುಗಳನ್ನು ಅದೇ ಅನುಕ್ರಮದಲ್ಲಿ ಇನ್ನೊಂದರಲ್ಲಿಯೂ ಇಟ್ಟರೆ, ಎನಿ (ಪಟ್ಟಿಯ ಯಾವುದೇ ಅಕ್ಷರ) ಮತ್ತು ಇಂಡೆಕ್ಸ್ (ಇನ್ನೊಂದು ಪಟ್ಟಿಯ ಅದೇ ಸ್ಥಾನದ ಅಕ್ಷರ) ಬಳಸಿ ಒಂದೇ ಸಾಲಿನಲ್ಲಿ ಏಳೂ ಸ್ವರಗಳ ಕೆಲಸ ಮುಗಿಯುತ್ತದೆ. ಎಪ್ಸಿಲಾನ್, ಓಮಿಕ್ರಾನ್‌ಗಳಿಗೆ ಪೆರಿಸ್ಪೋಮೆನಿ (ಏರಿಳಿತದ ಸ್ವರಭಾರ ಚಿಹ್ನೆ) ಬರುವುದಿಲ್ಲವಾದ್ದರಿಂದ ಆ ಚಿಹ್ನೆಯ ಸ್ಟೋರ್‌ನಲ್ಲಿ ಐದೇ ಸ್ವರಗಳಿರುತ್ತವೆ; ಅನುಕ್ರಮ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಪ್ರಶ್ನೆ:
ನಿಯಮ ಬದಲಿಸಿದೆ, ಈಗ ಯಾವ ಕ್ರಮದಲ್ಲಿ ಒತ್ತಿದರೂ ಸರಿಯಾಗಿದೆ, ಧನ್ಯವಾದಗಳು. ಆದರೆ ಬೇರೆಡೆಯಿಂದ ಅಂಟಿಸಿದ ಪಠ್ಯದಲ್ಲಿ, ಓಕ್ಸಿಯಾ ಮಾತ್ರ ಇರುವ ಆಲ್ಫಾದ ಮೇಲೆ ಪ್ಸಿಲಿ ಒತ್ತಿದರೆ ನಿಯಮ ಕೆಲಸ ಮಾಡುತ್ತಿಲ್ಲ.

ಉತ್ತರ:
ಆ ಅಕ್ಷರ ಯು+03ಎಸಿ ಬದಲು ಅದರ ಜೋಡಿಯಾದ ಯು+1ಎಫ್71 ಆಗಿರಬೇಕು, ಪರಿಶೀಲಿಸಿ. ಗ್ರೀಸ್ 1982ರಲ್ಲಿ ಒಂದೇ ಸ್ವರಭಾರ ಚಿಹ್ನೆಯ ಬರವಣಿಗೆಗೆ ಬಂದಿತು. ಆ ಚಿಹ್ನೆಯಾದ ಟೋನೋಸ್ ಇರುವ ಅಕ್ಷರಗಳು ಯುನಿಕೋಡ್‌ನ ಮೂಲ ಗ್ರೀಕ್ ವಿಭಾಗದಲ್ಲಿವೆ, ಓಕ್ಸಿಯಾ ಇರುವ ಅಕ್ಷರಗಳು ವಿಸ್ತೃತ ವಿಭಾಗದಲ್ಲಿ ಮತ್ತೊಮ್ಮೆ ಬಂದಿವೆ. ಹೀಗೆ ಜೋಡಿಯಾದ ಅಕ್ಷರಗಳು ದೊಡ್ಡವು, ಚಿಕ್ಕವು ಸೇರಿ 16. ಯುನಿಕೋಡ್ ಈ ಜೋಡಿಗಳನ್ನು ಸಮಾನವೆಂದೇ ಎಣಿಸುತ್ತದೆ, ಎನ್‌ಎಫ್‌ಸಿ ಟೋನೋಸ್ ರೂಪವನ್ನೇ ಆರಿಸುತ್ತದೆ. ಆದ್ದರಿಂದ ನಿಮ್ಮ ಕೀಲಿಮಣೆ ಸದಾ ಟೋನೋಸ್ ರೂಪವನ್ನೇ ಹೊರಡಿಸಲಿ, ನಿಯಮದ ಎಡಬದಿಯಲ್ಲಿ ಮಾತ್ರ ಎರಡೂ ರೂಪಗಳನ್ನು ಸ್ವೀಕರಿಸಲಿ.